ಹಾಸಿನ ಗಂಜಿ

"ನಿಮ್ಮ ವರದಿ ಇವತ್ತಿನ ಬಸ್ಸಿಗೆ ಬಂತು. ಪೆನ್ಸಿಲಿನ್ ನಾಟುವುದಿಲ್ಲ ಎಂದು ಬರೆದಿದ್ದೀರಿ. ಸರಿಯಾಗಿಯೇ ಬರೆದಿದ್ದೀರಿ. ಕೂಸನ್ನು ನಿನ್ನೆ ಮಣ್ಣು ಮಾಡಿದರು."

ಇಳಕಲ್ಲಿನ ಹೆರಿಗೆ ಆಸ್ಪತ್ರೆಯ ಡಾಕ್ಟರಬಾಯಿಯವರು ಕಳಿಸಿದ ಚೀಟಿಯಲ್ಲಿ ಇದ್ದದ್ದು ಇಷ್ಟೇ. ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಬಾಗಲಕೋಟೆಯ ಕಾಲೇಜಿನ ಪ್ರ್ಯಾಕ್ಟಿಕಲ್ ಕೋಣೆಯಲ್ಲಿ ನಿಂತು ಅದನ್ನು ಮೂರು ಸಲ ಓದಿ ಕಿಸೆಗೆ ಹಾಕಿಕೊಂಡೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶ್ರಾವಣದ ಜಿಟಿಜಿಟಿ ಮಳೆ ಹಿಡಿದಿತ್ತು.

ಒಂದು ತಿಂಗಳಿಂದ ಆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸುಗಳಿಗೆ ಐದಾರು ದಿನಕ್ಕೆ ಮೈಮೇಲೆ ಕೀವುಗುಳ್ಳೆ ಏಳುತ್ತಿದ್ದವು. ಹೊಕ್ಕಳು ಕೆಂಪಾಗುತ್ತಿತ್ತು. ಆಮೇಲೆ ಜ್ವರ, ಆಮೇಲೆ ಹಾಲು ಬಿಡುವುದು. ಇದು ಮೂರನೆಯ ಸಾವು. ಡಾಕ್ಟರಬಾಯಿ ಹತ್ತಿಯ ಕಡ್ಡಿಗೆ ಕೀವು ಹಚ್ಚಿ, ನಳಿಗೆಯೊಳಗಿಟ್ಟು, ಹಿಟ್ಟಿನ ಡಬ್ಬಿಯಲ್ಲಿ ಹಾಕಿ, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ನನಗೆ ಕಳಿಸುತ್ತಿದ್ದರು. ಕೆಲವು ಕೂಸುಗಳ ರೋಗಾಣುವಿಗೆ ಪೆನ್ಸಿಲಿನ್ ನಾಟುತ್ತಿತ್ತು, ಕೆಲವಕ್ಕೆ ನಾಟುತ್ತಿರಲಿಲ್ಲ. ನಾನೇನು ಡಾಕ್ಟರನಲ್ಲ, ರಸಾಯನಶಾಸ್ತ್ರದ ಮಾಸ್ತರ. ಈ ಗೋಲಾಕಾರದ ರೋಗಾಣುವಿನ ಮೈಸುತ್ತ ಇರುವ ಗೋಡೆಯ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಕಾಲೇಜಿನ ಒಂದು ಮೂಲೆ ಹಿಡಿದು ಕೂತಿದ್ದೆ. ಅದಕ್ಕಾಗಿ ರೋಗಾಣು ಬೆಳೆಸುವುದು ಕಲಿತಿದ್ದೆ. ಸುತ್ತ ಆ ಕೆಲಸ ಬಲ್ಲವರು ಬೇರೆ ಯಾರೂ ಡಾಕ್ಟರಬಾಯಿಗೆ ಸಿಕ್ಕಿರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ನಾನೇ ಅವರ ಪಾಲಿಗೆ ತಜ್ಞನಾಗಿದ್ದೆ.

ಲೆಕ್ಕ ಹಾಕಿದೆ. ಕಡ್ಡಿ ಬಸ್ಸಿನಲ್ಲಿ ಬರಲು ಒಂದು ದಿನ. ಅಗಾರ್ ಎಂಬ ಲೋಳೆ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ರೋಗಾಣು ಬೆಳೆಯಲು ಒಂದು ದಿನ. ಬೆಳೆದದ್ದನ್ನು ಬೇರೆ ತಟ್ಟೆಗೆ ಸವರಿ, ಅದರ ಮೇಲೆ ಔಷಧಿಯಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನಿಟ್ಟು, ಯಾವ ಬಿಲ್ಲೆಯ ಸುತ್ತ ರೋಗಾಣು ಸತ್ತಿದೆ ಎಂದು ನೋಡಲು ಇನ್ನೊಂದು ದಿನ. ವರದಿ ವಾಪಸು ಹೋಗಲು ಮತ್ತೊಂದು. ನಾಲ್ಕು ದಿನ. ಹೊಕ್ಕಳಲ್ಲಿ ಕೀವು ಕಂಡ ಹಸುಗೂಸಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ನಾನು ಕಳಿಸುತ್ತಿದ್ದದ್ದು ವರದಿಯಲ್ಲ, ಸತ್ತವರ ಮನೆಗೆ ತಡವಾಗಿ ಬರುವ ಸಮಾಧಾನದ ಕಾಗದ.

ಇಳಕಲ್ಲಿಗೇ ಹೋಗಿ ಕೂಡುವುದೆಂದು ಅಂದೇ ನಿಶ್ಚಯಿಸಿದೆ.

ನನ್ನ ಬಳಿ ಒಂದು ತುರ್ತು ಪರೀಕ್ಷೆ ಇತ್ತು. ಪೆನ್ಸಿಲಿನ್ ರೋಗಾಣುವನ್ನು ನೇರವಾಗಿ ಕೊಲ್ಲುವುದಿಲ್ಲ. ಅದು ಗೋಡೆ ಕಟ್ಟುವುದನ್ನು ಕೆಡಿಸುತ್ತದೆ. ಅರೆಬರೆ ಗೋಡೆಯ ರೋಗಾಣು ಉಬ್ಬಿ ಒಡೆಯುತ್ತದೆ. ಆದರೆ ಕೆಲವು ಹಟಮಾರಿ ರೋಗಾಣುಗಳು ಒಂದು ರಸ ಬಿಟ್ಟು ಪೆನ್ಸಿಲಿನ್ನನ್ನೇ ಮುರಿದು ಹಾಕುತ್ತವೆ. ಹೀಗೆ ಮುರಿದ ಪೆನ್ಸಿಲಿನ್ ಅಯೋಡಿನ್ನನ್ನು ನುಂಗುತ್ತದೆ, ಮುರಿಯದ್ದು ನುಂಗುವುದಿಲ್ಲ. ಪರೀಕ್ಷೆಯ ಗುಟ್ಟು ಇದೇ. ನಳಿಗೆಯಲ್ಲಿ ಪೆನ್ಸಿಲಿನ್ ನೀರು ಹಾಕಿ, ಅದಕ್ಕೆ ರೋಗಾಣು ಕಲಸಿ ಒಂದು ತಾಸು ಬಿಡಬೇಕು. ಆಮೇಲೆ ಎರಡು ಹನಿ ಗಂಜಿ, ಒಂದು ಹನಿ ಅಯೋಡಿನ್. ಗಂಜಿಗೆ ಅಯೋಡಿನ್ ಬಿದ್ದರೆ ನೀಲಿಯಾಗುವುದು ಸಾಲಿಯ ಮಕ್ಕಳಿಗೂ ಗೊತ್ತು. ನೀಲಿ ಉಳಿದರೆ ಪೆನ್ಸಿಲಿನ್ ಗಟ್ಟಿಯಾಗಿದೆ, ಕೂಸಿಗೆ ಅದನ್ನೇ ಕೊಡಬಹುದು. ನೀಲಿ ಮಾಯವಾದರೆ ರೋಗಾಣು ಅದನ್ನು ಮುರಿದಿದೆ, ಆ ರಸಕ್ಕೆ ಮುರಿಯದ ಕ್ಲಾಕ್ಸಾಸಿಲಿನ್ ಬೇಕು. ಆ ಔಷಧಿ ಹುಬ್ಬಳ್ಳಿಯಿಂದ ಬರಬೇಕಿತ್ತು, ಬೇಕೆಂದಾಗ ಸಿಗುತ್ತಿರಲಿಲ್ಲ.

ಇದರ ಜೊತೆಗೆ ಎರಡು ಕಾವಲು ನಳಿಗೆ ಇಡುವುದು ಪದ್ಧತಿ. ಒಂದರಲ್ಲಿ ರೋಗಾಣುವೇ ಇರುವುದಿಲ್ಲ, ಅದು ನೀಲಿಯಾಗಿ ಉಳಿಯಲೇಬೇಕು. ಇನ್ನೊಂದರಲ್ಲಿ ಹಟಮಾರಿ ಎಂದು ಮೊದಲೇ ಗೊತ್ತಿರುವ ರೋಗಾಣು, ಅದರ ನೀಲಿ ಹೋಗಲೇಬೇಕು. ಇವೆರಡೂ ಸರಿಯಿದ್ದರೆ ಮಾತ್ರ ನಡುವಿನ ನಳಿಗೆಯ ಮಾತು ನಂಬಬೇಕು.

ಗಂಜಿಯ ಬಾಟಲಿ, ಅಯೋಡಿನ್, ಅಗಾರಿನ ತಟ್ಟೆಗಳು, ಹಟಮಾರಿ ರೋಗಾಣು ಬೆಳೆದ ಒಂದು ನಳಿಗೆ, ಎಲ್ಲವನ್ನೂ ಎರಡು ಚೀಲಗಳಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆ. ಒಂದನ್ನು ತೊಡೆಯ ಮೇಲಿಟ್ಟುಕೊಂಡೆ, ಇನ್ನೊಂದನ್ನು ಮೇಲಿನ ಹಲಗೆಗೆ ಏರಿಸಿದೆ. ಅಮೀನಗಡ ದಾಟಿದ ಮೇಲೆ ಒಂದು ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕು ಹಾಕಿದ, ಮೇಲಿನ ಚೀಲ ಕೆಳಗೆ ಬಂತು. ಹುನಗುಂದದ ಸ್ಟ್ಯಾಂಡಿನಲ್ಲಿ ಇಳಿದು ಬಿಚ್ಚಿ ನೋಡಿದರೆ ಗಂಜಿಯ ಬಾಟಲಿಯೂ ಕಾವಲಿನ ರೋಗಾಣು ಇದ್ದ ನಳಿಗೆಯೂ ಚೂರಾಗಿದ್ದವು. ಇಡೀ ಚೀಲಕ್ಕೆ ಸ್ಪಿರಿಟ್ ಸುರಿದು, ಬಟ್ಟೆಯಲ್ಲಿ ಬಿಗಿದು ಕಟ್ಟಿದೆ.

ಬಾಗಲಕೋಟೆಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಹತ್ತಿದ್ದರೆ ಮರುದಿನ ಇನ್ನೊಂದು ನಳಿಗೆ ತರಬಹುದಿತ್ತು. ಒಂದು ದಿನ ಹೋಗುತ್ತದಲ್ಲ ಎಂದುಕೊಂಡೆ. ಕಿಸೆಯಲ್ಲಿ ಆ ಚೀಟಿ ಇತ್ತು. ಗಂಜಿ ಎಲ್ಲಿಯಾದರೂ ಸಿಗುತ್ತದೆ, ಕಾವಲು ಒಂದೇ ಇದ್ದರೂ ನಡೆದೀತು ಎಂದು ನನಗೆ ನಾನೇ ಹೇಳಿಕೊಂಡು ಇಳಕಲ್ಲಿನ ಬಸ್ಸಿಗೆ ತಿರುಗಿ ಹತ್ತಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನೇ.

ಡಾಕ್ಟರಬಾಯಿಯನ್ನು ಅಂದೇ ಮೊದಲ ಸಲ ನೋಡಿದ್ದು. ಐವತ್ತರ ಆಸುಪಾಸಿನ ಹೆಂಗಸು. ಸೋತ ಕಣ್ಣು, ಗಟ್ಟಿ ದನಿ.

"ಬಂದ್ರಿ? ಛಲೋ ಆತು. ಕಾಗದಾ ಓದಿ ಓದಿ ಸಾಕಾಗಿತ್ತು," ಎಂದರು. "ಈಗ ಎರಡು ಕೂಸು ಅದಾವ. ಒಂದು ನೇಕಾರರದು, ಹೆಣ್ಣು. ಇನ್ನೊಂದು ಕಲ್ಲಿನ ಖಣಿ ಕೆಲಸದಾಂವಂದು, ಗಂಡು. ಆ ಕ್ಲಾಕ್ಸಾಸಿಲಿನ್ ನನ್ನ ಕಪಾಟಿನ್ಯಾಗ ಒಂದು ಕೂಸಿಗೆ ಎರಡು ದಿನಾ ಸಾಲೂವಷ್ಟ ಅದ. ಹುಬ್ಬಳ್ಳಿಯಿಂದ ಮತ್ತ ಬರೂದು ಇನ್ನ ನಾಕು ದಿನಕ್ಕ. ಯಾವ ಕೂಸಿಗೆ ಅದು ಬೇಕು, ಯಾವುದಕ್ಕ ಪೆನ್ಸಿಲಿನ್ ಸಾಕು, ಅಷ್ಟ ಹೇಳ್ರಿ ನನಗ."

ಎರಡೂ ಕೂಸುಗಳ ಹೊಕ್ಕಳಿನಿಂದ ಕಡ್ಡಿ ತೆಗೆದುಕೊಂಡು ತಟ್ಟೆಗಳಿಗೆ ಗೆರೆ ಎಳೆದೆ. ಸೀರೆ ಇಡುವ ಹಳೆಯ ಕಟ್ಟಿಗೆ ಪೆಟ್ಟಿಗೆಯಲ್ಲಿ ಬಲ್ಬು ಹಾಕಿ ಅದರೊಳಗೆ ತಟ್ಟೆಗಳನ್ನಿಟ್ಟೆ. ಕರೆಂಟು ಹೋದಾಗಲೆಲ್ಲ ಬಿಸಿನೀರಿನ ಬಾಟಲಿ. ಬಾಣಂತಿಯರ ವಾರ್ಡಿನ ಹೊರಗಿನ ಕಟ್ಟೆಯ ಮೇಲೆ ನನ್ನ ಠಿಕಾಣಿ.

ಅಲ್ಲೇ ನೇಕಾರರ ಕೂಸಿನ ಅಜ್ಜಿ ಕೂತಿರುತ್ತಿದ್ದಳು. ಎಲ್ಲರೂ ಆಕೆಯನ್ನು ಆಯಿ ಎಂದೇ ಕರೆಯುತ್ತಿದ್ದರು. ಒಣಗಿದ ಮೈ, ಬೆರಳ ತುದಿಗಳು ನೂಲು ಎಳೆದೆಳೆದು ನುಣುಪಾಗಿದ್ದವು.

"ಮಾಸ್ತರ, ಆ ಪೆಟಗ್ಯಾಗ ಏನ ಬೆಳಸಾಕತ್ತೀರಿ?" ಎಂದು ಕೇಳಿದಳು.

ಹೇಳುವುದೋ ಬೇಡವೋ ಎಂದು ಅನುಮಾನಿಸಿದೆ. ಆಮೇಲೆ ಆಕೆಯ ಭಾಷೆಯಲ್ಲೇ ಹೇಳಿನೋಡೋಣ ಎನಿಸಿತು. ರೋಗಾಣುವಿನ ಗೋಡೆಯೂ ಒಂದು ನೇಯ್ಗೆಯೇ. ಉದ್ದದ ಎಳೆಗಳು ಮಗ್ಗದ ಹಾಸಿನ ಹಾಗೆ ಸಾಲಾಗಿ ಹೋಗುತ್ತವೆ. ಅವನ್ನು ಒಂದಕ್ಕೊಂದು ಬಿಗಿಯಲು ನಡುವೆ ಸಣ್ಣ ಸಣ್ಣ ಕೊಂಡಿಗಳಿರುತ್ತವೆ. ಪೆನ್ಸಿಲಿನ್ ಆ ಕೊಂಡಿ ಹಾಕಲು ಬಿಡುವುದಿಲ್ಲ, ಅದಕ್ಕೇ ಬಟ್ಟೆ ಪಿಸಿಯುತ್ತದೆ.

ಆಯಿಯ ಮುಖ ಅರಳಿತು. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುವುದು ಆಕೆಯ ಕೈಯ ಕೆಲಸ. ಒಂದೊಂದೇ ಎಳೆಯನ್ನು ಕುಣಿಕೆ ಮಾಡಿ ಇನ್ನೊಂದರೊಳಗೆ ತೂರಿಸಬೇಕು.

"ಕೊಂಡಿ ತಪ್ಪಿದ್ರ ಸೆರಗು ಕೈಯಾಗ ಬರ್ತೈತಿ," ಎಂದಳು. "ಅಲ್ರಿ, ಮತ್ತ ಆ ಹುಳಾ ಸುಮ್ನ ಇರ್ತಾವೇನು?"

"ಕೆಲವು ಸುಮ್ಮನಿರೂದಿಲ್ಲ ಆಯಿ. ಕತ್ತರಿ ಇಟಗೊಂಡಿರ್ತಾವ. ಪೆನ್ಸಿಲಿನ್ನನ್ನ ಕತ್ತರಿಸಿ ಒಗೀತಾವ. ನಮ್ಮ ಕೂಸಿನ ಮೈಯಾಗ ಇರೂ ಹುಳದ ಕಡೆ ಕತ್ತರಿ ಐತೋ ಇಲ್ಲೋ, ಅದನ್ನ ನೋಡಬೇಕಾಗೇದ. ನೀಲಿ ಉಳಿದ್ರ ಛಲೋ."

"ನೀಲಿ ಉಳೀಲಿ ನಮ್ಮವ್ವಾ ಬನಶಂಕರಿ," ಎಂದು ಆಯಿ ಕೈ ಮುಗಿದಳು. "ಕೂಸು ಕಣ್ಣು ಬಿಟ್ಟು ಹಾಲು ಕುಡಿದ್ರ ಚೊಳಚಗುಡ್ಡದ ಗುಡಿಗೆ ನಡಕೊಂತ ಬರ್ತೇನಿ ಅಂತ ಬೇಡ್ಕೊಂಡೇನ್ರಿ. ಮೊಳಕಾಲು ಬ್ಯಾನಿ ಇದ್ರ ಇರವಲ್ಲದ್ಯಾಕ."

ಬೆಳಿಗ್ಗೆ ತಟ್ಟೆಗಳ ಮೇಲೆ ಹೊಂಬಣ್ಣದ ಚುಕ್ಕಿಗಳು ಬೆಳೆದು ನಿಂತಿದ್ದವು. ನಾನು ಎಣಿಸಿದ್ದ ರೋಗಾಣುವೇ. ನಳಿಗೆಗಳಲ್ಲಿ ಕಲಸಿಟ್ಟು ಒಂದು ತಾಸು ಎಣಿಸಲು ಗಡಿಯಾರ ನೋಡಿದೆ. ಅದೇ ಚುಕ್ಕಿಗಳನ್ನು ಬೇರೆ ತಟ್ಟೆಗಳಿಗೂ ಸವರಿ ಬಿಲ್ಲೆ ಇಟ್ಟೆ. ಅವು ಮರುದಿನ ಬೆಳಿಗ್ಗೆ ಮಾತಾಡುತ್ತವೆ, ಹೇಗೂ ಇರಲಿ ಎಂದು. ಇನ್ನು ಗಂಜಿ ಬೇಕಿತ್ತು. ಆಸ್ಪತ್ರೆಯ ಅಡುಗೆಮನೆಯಲ್ಲಿ ಅನ್ನಕ್ಕೆ ಇನ್ನೂ ಎಸರು ಇಟ್ಟಿರಲಿಲ್ಲ. ನಾನು ಅಡುಗೆಯವಳನ್ನು ಅವಸರಿಸುತ್ತಿದ್ದದ್ದು ಆಯಿಯ ಕಿವಿಗೆ ಬಿತ್ತು.

"ಗಂಜಿ ಏನ್ರಿ? ಅದಕ್ಕ ಇಷ್ಟ್ಯಾಕ ಒದ್ದಾಡ್ತೀರಿ? ನಮ್ಮನ್ಯಾಗ ಕೊಡಾ ತುಂಬ ಐತಿ. ಮಗ್ಗದ ಹಾಸಿಗೆ ಹಚ್ಚಾಕ ನಿನ್ನಿ ಸೋಸಿ ಇಟ್ಟದ್ದು. ಹಿಂಗ್ ಹೋಗಿ ಹಂಗ್ ಬಂದೆ."

ಅರ್ಧ ತಾಸಿನಲ್ಲಿ ಹಿತ್ತಾಳೆ ತಂಬಿಗೆಯಲ್ಲಿ ತಂದಳು. ಮೊಮ್ಮಗಳ ಜೀವ ಉಳಿಸುವ ಸಾಮಾನನ್ನು ತಾನೇ ತರುತ್ತಿದ್ದೇನೆಂಬ ಹುರುಪಿಗೆ ಚಪ್ಪಲಿ ಸಹ ಮೆಟ್ಟಿರಲಿಲ್ಲ. ಗಂಜಿ ನೋಡಿದರೆ ನಮ್ಮ ಕಾಲೇಜಿನ ಗಂಜಿಗಿಂತ ಸೊಗಸು. ತೆಳ್ಳಗೆ, ಒಂದು ಗಂಟಿಲ್ಲ. ಊರಿನ ಸಾಮಾನಿನಲ್ಲೇ ಊರಿನ ಕೂಸಿನ ಪರೀಕ್ಷೆ ಮಾಡುತ್ತಿದ್ದೇನೆಂದು ನನಗೂ ಒಳಗೊಳಗೇ ಹೆಮ್ಮೆ. ಮುಂದೆ ಯಾವುದಾದರೂ ಸಭೆಯಲ್ಲಿ ಇದನ್ನು ಹೇಳಬೇಕು ಎಂದೂ ಅನ್ನಿಸಿತು. ಎಂಥ ಹೊತ್ತಿನಲ್ಲಿ ಎಂಥ ಯೋಚನೆ!

ಎರಡೆರಡು ಹನಿ ಗಂಜಿ, ಒಂದೊಂದು ಹನಿ ಅಯೋಡಿನ್. ಮೂರೂ ನಳಿಗೆ ನೀಲಿಯಾದವು. ಸಾದಾ ನೀಲಿಯಲ್ಲ, ಕಡು ನೀಲಿ. ಹತ್ತು ನಿಮಿಷ ನೋಡಿದೆ. ಅರ್ಧ ತಾಸು ನೋಡಿದೆ. ಬಣ್ಣ ಕದಲಲಿಲ್ಲ. ರೋಗಾಣುವಿಲ್ಲದ ಕಾವಲು ನಳಿಗೆ ನೀಲಿ, ಅದು ಸರಿ. ಎರಡೂ ಕೂಸುಗಳ ನಳಿಗೆ ನೀಲಿ. ಬಣ್ಣ ಇಷ್ಟು ಗಾಢವಾಗಿ ಹಿಂದೆಂದೂ ಬಂದಿರಲಿಲ್ಲ. ನಾನು ಅದನ್ನು ಗಂಜಿಯ ಗುಣ ಎಂದುಕೊಂಡೆ. ಗಂಜಿಯ ಗುಣವೇ ಆಗಿತ್ತು, ನಾನು ತಿಳಿದ ಅರ್ಥದಲ್ಲಿ ಅಲ್ಲ.

ಡಾಕ್ಟರಬಾಯಿ ನಳಿಗೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ನಕ್ಕೀ ಏನ್ರಿ? ಖಾತ್ರಿ?"

"ನಕ್ಕೀರಿ," ಎಂದೆ.

ಒಡೆದ ನಳಿಗೆಯ ಸುದ್ದಿ ಆಗ ಹೇಳಬೇಕಿತ್ತು. ಒಂದು ಕಾವಲು ಕಡಿಮೆಯಿದೆ, ಪೂರಾ ನಂಬಬೇಡಿ ಎನ್ನಬೇಕಿತ್ತು. ಹೇಳಲಿಲ್ಲ. ಅವರ ಮುಖದ ಮೇಲೆ ಒಂದು ತಿಂಗಳ ನಂತರ ಬಂದ ಗೆಲುವನ್ನು ಕೆಡಿಸಲು ಮನಸ್ಸು ಬರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಖರೆ ಎಂದರೆ ನನ್ನ ಗೆಲುವನ್ನು ಕೆಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಎರಡೂ ಕೂಸುಗಳಿಗೆ ಪೆನ್ಸಿಲಿನ್ ಸುರುವಾಯಿತು. ಕ್ಲಾಕ್ಸಾಸಿಲಿನ್ ಕಪಾಟಿನಲ್ಲೇ ಉಳಿಯಿತು. ಆಯಿ ನನ್ನ ಕೈಗೆ ಒಂದು ತುಣುಕು ಬೆಲ್ಲ ಇಟ್ಟು, "ನೀಲಿ ಬಂತಂತಲ್ರಿ!" ಎಂದಳು.

ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ಬಿಲ್ಲೆಯ ತಟ್ಟೆ ಕೈಗೆತ್ತಿಕೊಂಡೆ. ಪೆನ್ಸಿಲಿನ್ ಬಿಲ್ಲೆಯ ಸುತ್ತ ಖಾಲಿ ಜಾಗ ಇರಲೇ ಇಲ್ಲ. ರೋಗಾಣು ಬಿಲ್ಲೆಯ ಅಂಚಿನ ತನಕ ಬೆಳೆದು ಅದನ್ನು ಮುತ್ತಿಕೊಂಡಿತ್ತು. ಎರಡನೆಯ ಕೂಸಿನ ತಟ್ಟೆಯೂ ಹಾಗೆಯೇ. ಕ್ಲಾಕ್ಸಾಸಿಲಿನ್ ಬಿಲ್ಲೆಯ ಸುತ್ತ ಮಾತ್ರ ಅಗಲವಾದ ಬಯಲು. ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಓಡಿದೆ.

ಆವತ್ತು ಅಲ್ಲಿ ಅನ್ನದ ಗಂಜಿ ಬಸಿದಿದ್ದರು. ಅದನ್ನೇ ಸೋಸಿ ಆರಿಸಿಕೊಂಡು ಮೊದಲಿನಿಂದ ಪರೀಕ್ಷೆ ಮಾಡಿದೆ. ಅಯೋಡಿನ್ ಬಿತ್ತು, ನೀಲಿ ಬಂತು. ನಾನು ನೋಡುತ್ತಿದ್ದಂತೆಯೇ ಎರಡೂ ನಳಿಗೆಗಳ ನೀಲಿ ತೆಳುವಾಗುತ್ತ ಹೋಗಿ ಐದು ನಿಮಿಷದಲ್ಲಿ ನೀರಿನ ಬಣ್ಣಕ್ಕೆ ಬಂತು. ಪಕ್ಕದಲ್ಲಿ ಆಯಿಯ ತಂಬಿಗೆಯ ಗಂಜಿ ಹಾಕಿ ಇಟ್ಟಿದ್ದ ನಳಿಗೆಗಳು ಕಡು ನೀಲಿಯಾಗಿಯೇ ನಿಂತಿದ್ದವು. ಅದೇ ರೋಗಾಣು, ಅದೇ ಪೆನ್ಸಿಲಿನ್, ಅದೇ ಅಯೋಡಿನ್. ಹಟಮಾರಿ ರೋಗಾಣುವಿನ ಒಂದೇ ಒಂದು ಕಾವಲು ನಳಿಗೆ ನಿನ್ನೆ ಇಟ್ಟಿದ್ದರೆ ಅದೂ ನೀಲಿಯಾಗಿ ನಿಂತು, ಈ ಗಂಜಿ ಸುಳ್ಳು ಹೇಳುತ್ತಿದೆ ಎಂದು ಕೂಗಿ ಹೇಳುತ್ತಿತ್ತು.

ಒಂದು ಹಗಲು, ಒಂದು ರಾತ್ರಿ ಹೋಗಿತ್ತು. ಆಯಿಯ ಮೊಮ್ಮಗಳಿಗೆ ನಸುಕಿನಿಂದ ಎರಡು ಸಲ ಸೆಳವು ಬಂದು ಕೈಕಾಲು ಸೆಟೆದಿದ್ದವು. ಖಣಿಯವನ ಮಗ ಬಿಸಿ ಕೆಂಡವಾಗಿದ್ದರೂ ಹಾಲು ಬಾಯಿಗಿಟ್ಟರೆ ಚೀಪುತ್ತಿದ್ದ.

ಡಾಕ್ಟರಬಾಯಿಯ ಮುಂದೆ ಎಲ್ಲವನ್ನೂ ಹೇಳಿದೆ. ಒಡೆದ ನಳಿಗೆ, ಹುನಗುಂದದಲ್ಲಿ ನಿಂತಿದ್ದ ಬಸ್ಸು, ನಾನು ನುಂಗಿಕೊಂಡ ಮಾತು. ಅವರು ಕಪಾಟಿನ ಕೀಲಿ ತೆಗೆಯುತ್ತಲೇ ಕೇಳಿಸಿಕೊಂಡರು. ತಿರುಗಿಯೂ ನೋಡಲಿಲ್ಲ.

"ಇರೂದು ಒಂದು ಕೂಸಿನಷ್ಟ," ಎಂದರು.

"ಹೆಣ್ಣಕೂಸಿಗೆ ಕೊಡ್ರಿ," ಎಂದೆ. "ಆಯಿ ನಂಬಿದ್ಲು ನನ್ನನ್ನ. ತಾನ ಗಂಜಿ ತಂದ್ಲು. ಆ ಕೂಸಿಗೆ ಕೊಡ್ರಿ, ಕೈ ಮುಗೀತೇನಿ."

ಆಗ ತಿರುಗಿದರು.

"ಆ ಕೂಸಿಗೆ ಸೆಳವು ಬಂದಾವ. ಔಷಧ ಕೊಟ್ರೂ ಉಳಿಯೂದು ಕಠಿಣ. ಹುಡುಗ ಇನ್ನೂ ಹಾಲು ಕುಡೀಲಿಕ್ಕತ್ತಾನ. ಅರ್ಧ ಅರ್ಧ ಮಾಡಿದ್ರ ಎರಡೂ ಹೋಗ್ತಾವ. ನಿಮ್ಮ ಪ್ರಾಯಶ್ಚಿತ್ತಕ್ಕ ನನ್ನ ಔಷಧ ಖರ್ಚು ಮಾಡೂದಿಲ್ಲರಿ ಮಾಸ್ತರ."

ದನಿ ಗಟ್ಟಿಯಾಗಿಯೇ ಇತ್ತು. ಸಿರಿಂಜಿಗೆ ಸೂಜಿ ಸಿಕ್ಕಿಸಿ ಔಷಧ ಎಳೆದುಕೊಂಡರು. ಆಮೇಲೆ ಖಣಿಯವನ ಮಗನ ತೊಟ್ಟಿಲಿನ ಕಡೆ ನಡೆದರು.

ಹೆಣ್ಣುಕೂಸು ಮಧ್ಯಾಹ್ನಕ್ಕೆ ಹೋಯಿತು. ಬಾಣಂತಿಗೆ ಏಳಲು ಶಕ್ತಿಯಿರಲಿಲ್ಲ. ಆಯಿಯೇ ಕೂಸಿನ ಮೈ ಒರೆಸಿ, ಹಣೆಗೆ ಕುಂಕುಮ ಹಚ್ಚಿ, ತನ್ನ ಹಳೆಯ ಸೀರೆಯ ಸೆರಗು ಹರಿದು ಸುತ್ತಿದಳು. ಸದ್ದು ಮಾಡಿ ಅತ್ತಳು, ಎದೆ ಬಡಿದುಕೊಂಡು ಅತ್ತಳು. ಹೊರಗೆ ಬಂದಾಗ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ನೋಡಿ ನಿಂತಳು.

"ನೀಲಿ ಉಳಿದಿತ್ತಲ್ರಿ ಮಾಸ್ತರ? ನೀಲಿ ಉಳಿದ್ರ ಛಲೋ ಅಂದಿದ್ರಿ."

ತಲೆ ತಗ್ಗಿಸಿದೆ. ಆಕೆಯ ಅಳಿಯ ಕೂಸಿನ ಗಂಟನ್ನು ಎದೆಗವಚಿಕೊಂಡು ಮುಂದೆ ನಡೆದ, ಆಕೆ ಹಿಂದೆ ನಡೆದಳು. ಅಂಥ ಹೇಡಿತನ ನನ್ನೊಳಗೆ ಇದೆಯೆಂದು ಅಂದಿನ ತನಕ ಗೊತ್ತಿರಲಿಲ್ಲ.

ಮರುದಿನ ಖಣಿಯವನ ಮಗನ ಜ್ವರ ಇಳಿಯತೊಡಗಿತು. ಅಂದೇ ಹುಬ್ಬಳ್ಳಿಯ ಪಾರ್ಸಲ್ಲು ಒಂದು ದಿನ ಮೊದಲೇ ಬಂತು. ಇಪ್ಪತ್ತನಾಲ್ಕು ತಾಸು ಎಷ್ಟು ದೊಡ್ಡದು ಎಂದು ಆ ರಟ್ಟಿನ ಡಬ್ಬಿ ನನ್ನ ಮುಂದೆ ಕೂತು ಹಂಗಿಸಿದ ಹಾಗಿತ್ತು. ಆದರೆ ಡಬ್ಬಿಯಲ್ಲಿ ಬಂದದ್ದೂ ಹಿಡಿಯಷ್ಟೇ. ಮತ್ತು ಅದೇ ಬೆಳಿಗ್ಗೆ ವಾರ್ಡಿನ ಇನ್ನೊಂದು ಕೂಸಿನ ಕುತ್ತಿಗೆಯ ಮಡಿಕೆಯಲ್ಲಿ ಎರಡು ಗುಳ್ಳೆ ಕಂಡವು.

"ಕಡ್ಡಿ ತಗೀರಿ. ಅನ್ನದ ಗಂಜೀಲೆ ಮಾಡ್ರಿ ಈ ಸಲ," ಎಂದರು ಡಾಕ್ಟರಬಾಯಿ.

"ಮಾಡ್ತೇನ್ರಿ. ಆದ್ರ ಆ ಗಂಜಿ ಯಾಕ ಸುಳ್ಳು ಹೇಳ್ತು ಅನ್ನೂದು ತಿಳೀದ ನನಗ ಯಾವ ಗಂಜೀನೂ ನಂಬಲಿಕ್ಕೆ ಆಗವಲ್ದು. ಆಯಿ ಮನಿಗೆ ಹೋಗಿ ಕೇಳ್ತೇನಿ. ನನ್ನ ತಪ್ಪೂ ಹೇಳ್ತೇನಿ."

ಅವರು ಪಾರ್ಸಲ್ಲಿನ ಡಬ್ಬಿಯನ್ನು ಕಪಾಟಿಗೆ ಸೇರಿಸಿ ಕೀಲಿ ಹಾಕಿದರು. "ಹೇಳಿದ್ರ ಏನಾಗ್ತದ? ಕೂಸು ತಿರುಗಿ ಬರ್ತದೇನು? ನನ್ನ ಗಂಜೀಲೆ ಸತ್ತಿತು ಅಂತ ಮುದುಕಿ ಇರೂತನಕ ಕೊರಗ್ತಾಳ. ಬ್ಯಾಡ್ರಿ."

ಅವರ ಮಾತು ನಿಜವಿರಬಹುದು. ಆದರೆ ಉತ್ತರ ಕೇಳಿ ನಿಂತಿದ್ದ ಆ ಮುಖವನ್ನು ನಾನು ನೋಡಿದ್ದೆ. ಹೊಸ ಕೂಸಿನ ಕಡ್ಡಿಯನ್ನು ತಟ್ಟೆಗೆ ಎಳೆದು ಪೆಟ್ಟಿಗೆಯಲ್ಲಿಟ್ಟೆ. ಮರುದಿನ ಬೆಳಿಗ್ಗೆ ಚುಕ್ಕಿಗಳನ್ನು ನಳಿಗೆಗೆ ಕಲಸುವ ಮೊದಲು ನೇಕಾರರ ಓಣಿಯ ದಾರಿ ಹಿಡಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಆಯಿ ಕೊರಗದಂತೆ ಗಂಜಿಯ ಮಾತು ಆದಷ್ಟು ಮರೆಸಿ, ತಪ್ಪೆಲ್ಲ ನನ್ನದೇ ಎಂದು ಹೇಳಬೇಕು.

ಓಣಿಯಲ್ಲಿ ಮಳೆ ಬಿಟ್ಟಿತ್ತು. ಅಕ್ಕಪಕ್ಕದ ಮನೆಯವರು ಹಾಸು ಉದ್ದಕ್ಕೆ ಚಾಚಿ ಕಟ್ಟಿ, ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಆಯಿಯ ಮನೆಯ ಮಗ್ಗ ಮಾತ್ರ ಸುಮ್ಮನಿತ್ತು. ಆಕೆ ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಚಾಪೆ ಸರಿಸಿದಳು.

"ಸಾವಕಾಶ ಮಾತಾಡ್ರಿ. ಒಳಗ ಬಾಣಂತಿ ಮಲಗ್ಯಾಳ."

ಹೇಳಿದೆ. ಬಸ್ಸಿನಲ್ಲಿ ನಳಿಗೆ ಒಡೆದದ್ದು, ನಾನು ವಾಪಸು ಹೋಗದೆ ಬಂದದ್ದು, ಪರೀಕ್ಷೆ ತಪ್ಪಿದ್ದು, ಡಾಕ್ಟರರಿಗೆ ನಕ್ಕೀ ಎಂದದ್ದು. "ನೀಲಿ ಸುಳ್ಳಾಗಿತ್ತು ಆಯಿ. ತಪ್ಪು ನಂದು," ಎಂದೆ. ಗಂಜಿಯ ಹೆಸರು ಎತ್ತಲಿಲ್ಲ.

ಆಯಿ ಗೋಡೆ ನೋಡುತ್ತ ಕೂತಿದ್ದಳು. ಹಾಗೆಯೇ ಕೇಳಿದಳು:

"ನೀಲಿ ಯಾತಕ್ಕ ಸುಳ್ಳಾತು?"

ತಪ್ಪಿಸಿಕೊಳ್ಳಲು ಜಾಗ ಉಳಿಯಲಿಲ್ಲ. "ಗಂಜಿ ಒಳಗ ಏನೋ ಇತ್ತು ಅಂತ ಕಾಣ್ತದ."

"ಇದ್ದ ಇರ್ತೈತಿ," ಎಂದಳು. "ಮೈಲುತುತ್ತ ಹಾಕಿರ್ತೇವಲ್ರಿ. ಮಳಿಗಾಲದಾಗ ಹಾಕದಿದ್ರ ಎರಡ ದಿನಕ್ಕ ನೂಲಿಗೆಲ್ಲ ಬೂಷ್ಟ ಹಿಡೀತೈತಿ."

ಮೈಲುತುತ್ತ. ತಾಮ್ರದ ಉಪ್ಪು. ಅದು ಅಯೋಡಿನ್ ದ್ರಾವಣದಲ್ಲೇ ಇರುವ ಅಯೋಡೈಡಿಗೆ ಸೇರಿದರೆ ಹೊಸ ಅಯೋಡಿನ್ ಬಿಡುಗಡೆಯಾಗುತ್ತದೆ. ಮುರಿದ ಪೆನ್ಸಿಲಿನ್ ಒಂದು ಕಡೆಯಿಂದ ಅಯೋಡಿನ್ ನುಂಗುತ್ತಿದ್ದರೆ ತಾಮ್ರ ಇನ್ನೊಂದು ಕಡೆಯಿಂದ ಹುಟ್ಟಿಸಿ ಕೊಡುತ್ತಿತ್ತು. ನೀಲಿ ಹೋಗುವುದಾದರೂ ಹೇಗೆ? ಇದನ್ನು ತಿಳಿಯಲು ಸಂಶೋಧನೆ ಬೇಕಿರಲಿಲ್ಲ. ಮೈಲುತುತ್ತ, ಅಯೋಡೈಡು, ಗಂಜಿ, ಈ ಮೂರನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿ ತೋರಿಸುವ ಪ್ರಯೋಗವನ್ನು ಪ್ರತಿ ವರ್ಷ ಬಿ.ಎಸ್ಸಿ. ಹುಡುಗರಿಗೆ ನಾನೇ ಮಾಡಿಸುತ್ತಿದ್ದೆ. ತಪ್ಪಿದವರಿಗೆ ಬೆಂಚಿನ ಮುಂದೆ ನಿಲ್ಲಿಸಿ ಬೈಯುತ್ತಿದ್ದೆ.

"ಅನ್ನದ ಗಂಜಿ ಬ್ಯಾರೆ, ಹಾಸಿನ ಗಂಜಿ ಬ್ಯಾರೆ," ಎಂದಳು ಆಯಿ. "ನೇಕಾರರ ಮನ್ಯಾಗಿನ ಸಣ್ಣ ಹುಡುಗ್ರಿಗೂ ಗೊತ್ತೈತಿ, ಅದನ್ನ ಬಾಯಾಗ ಇಡಬಾರದು ಅಂತ. ನೀವು ಕೇಳಿದ್ರ ಹೇಳ್ತಿದ್ದೆ."

ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ರೋಗಾಣುವಿನ ಗೋಡೆಯ ಬಗ್ಗೆ ಆಕೆಗೆ ಅರ್ಧ ತಾಸು ಪಾಠ ಹೇಳಿದ್ದೆ. ಆಕೆಯ ತಂಬಿಗೆಯಲ್ಲಿ ಏನಿದೆ ಎಂದು ಒಂದು ಮಾತು ಕೇಳಿರಲಿಲ್ಲ.

"ಆಯಿ, ಇದರಾಗ ನಿಮ್ಮದೇನೂ ತಪ್ಪಿಲ್ಲ," ಎಂದು ತೊದಲಿದೆ.

ಆಕೆ ನನ್ನ ಕಡೆ ತಿರುಗಿದಳು. ಕಣ್ಣು ಒಣಗಿದ್ದವು. "ಅದನ್ನ ನೀವು ಹೇಳಬೇಕೇನ್ರಿ? ನಾ ಹಾಕಿದ್ದು ನೂಲಿಗೆ. ಕೂಸಿಗೆ ಹಾಕಿದವ್ರು ನೀವು."

ಒಳಗೆ ಬಾಣಂತಿ ಮಗ್ಗುಲಾದ ಸದ್ದು ಕೇಳಿಸಿತು. ಎದ್ದು ಹೋಗುವುದೇ ಸರಿ ಎನಿಸಿ ಚಪ್ಪಲಿ ಮೆಟ್ಟಲು ಅಂಗಳಕ್ಕೆ ಇಳಿದೆ. ಬೆನ್ನ ಹಿಂದಿನಿಂದ ದನಿ ಬಂತು.

"ದವಾಖಾನ್ಯಾಗ ಇನ್ನೊಂದು ಕೂಸಿಗೆ ಗುಳ್ಳಿ ಎದ್ದಾವಂತ. ಖರೇನ?"

"ಹೌದ್ರಿ ಆಯಿ."

"ಕುಂಡ್ರಿ."

ಒಳಗೆ ಹೋದಳು. ಒಲೆ ಊದುವ ಸದ್ದು, ಪಾತ್ರೆಯ ಸದ್ದು. ಬಹಳ ಹೊತ್ತು ಕೂತೆ. ಹೊರಗೆ ಬಂದಾಗ ಆಕೆಯ ಕೈಯಲ್ಲಿ ಅದೇ ಹಿತ್ತಾಳೆ ತಂಬಿಗೆ ಇತ್ತು, ಬೂದಿ ಹಾಕಿ ತಿಕ್ಕಿ ಫಳಫಳ ಬೆಳಗಿದ್ದಳು. ಬಾಯಿಗೆ ತೆಳು ಬಟ್ಟೆ ಬಿಗಿದಿತ್ತು. ಬಿಸಿ ಇನ್ನೂ ಆರಿರಲಿಲ್ಲ. ನಾನು ಎರಡೂ ಕೈ ಚಾಚಿದೆ. ಆಯಿ ತಂಬಿಗೆ ಬಿಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು.

ಆಕೆ ಯಾತಕ್ಕೆ ಕಾಯುತ್ತಿದ್ದಾಳೆಂದು ತಿಳಿಯಲು ನನಗೆ ತುಸು ಹೊತ್ತು ಹಿಡಿಯಿತು.

"ಇದರಾಗ ಏನೇನ ಹಾಕೀರಿ ಆಯಿ?" ಎಂದು ಕೇಳಿದೆ.

"ಜ್ವಾಳದ ಹಿಟ್ಟು, ನೀರು," ಎಂದಳು. "ಮತ್ತೇನೂ ಇಲ್ಲ." ಆಮೇಲೆ ಕೈ ಬಿಟ್ಟಳು.